ನೀಲಿ ಯಿನ್‌ದಿ ಮತ್ತು ಫಾನ್ ಮನೆಯ ಕುರ್ಚಿಗಳು

ನಮ್ಮ ಕಾಲುವೆ ಬೀದಿಯಲ್ಲಿ ಮದುವೆಯ ಹಿಂದಿನ ದಿನ ಯಾರಾದರೂ ಅಪಶಕುನದ ಮಾತಾಡಿದರೆ ಹೆಂಗಸರು ಈಗಲೂ "ನೀನೇನು ನೀಲಿ ಯಿನ್‌ದಿಯ ಶಿಷ್ಯೆಯಾ?" ಎಂದು ಗದರುತ್ತಾರೆ. ಹಾಗೆ ಗದರುವವರಲ್ಲಿ ಅರ್ಧ ಜನ ಅವಳ ಮುಖ ಕಂಡವರಲ್ಲ. ಉಳಿದವರು ತಮ್ಮ ತಮ್ಮ ಮದುವೆಗೆ ಅವಳ ಕೈಯಲ್ಲೇ ಕುರ್ಚಿ ಹೊದಿಸಿಕೊಂಡು, ಆ ಕುರ್ಚಿಯಲ್ಲೇ ಕೂತು ಹೊಟ್ಟೆ ತುಂಬ ಉಂಡು, ಈಗ ನಾಲಿಗೆ ಹರಿಬಿಡುವವರು. ನಾನು ಅವಳ ಜೊತೆ ಒಂದೇ ಅಂಗಡಿಯಲ್ಲಿ ದುಡಿದವಳು. ಅವಳ ಕಥೆ ಹೇಳುವುದಾದರೆ ನಾನು ಹೇಳಬೇಕು, ಈ ಬಾಯಿಬಡುಕಿಯರಲ್ಲ.

ನಮ್ಮ ತಾಂಗ್ ಯಜಮಾನರದು ಬಾಡಿಗೆ ಅಂಗಡಿ. ಸುಜೌ ಊರಿನಲ್ಲಿ ಮದುವೆಯಾಗಲಿ, ಸಾವಾಗಲಿ, ಮಗುವಿಗೆ ತಿಂಗಳು ತುಂಬಿದ್ದಾಗಲಿ, ಪಲ್ಲಕ್ಕಿ, ದೀಪ, ತಟ್ಟೆ, ಬಟ್ಟಲು ಎಲ್ಲ ಇಂಥ ಅಂಗಡಿಗಳಿಂದಲೇ ಹೋಗಬೇಕು. ನಮ್ಮ ಅಂಗಡಿಗೆ ಹೆಸರು ತಂದದ್ದು ರೇಷ್ಮೆಯ ಕುರ್ಚಿ ಹೊದಿಕೆ, ಮೇಜಿನ ಮುಂದೆ ಇಳಿಬಿಡುವ ತೆರೆ. ಹೊದಿಕೆಯೆಂದರೆ ಒಂದು ಉದ್ದನೆಯ ಪಟ್ಟಿ. ಕುರ್ಚಿಯ ಬೆನ್ನ ಹಿಂದಿನಿಂದ ಹತ್ತಿ, ಮುಂದೆ ಇಳಿದು, ಕೂರುವ ಹಲಗೆ ದಾಟಿ, ನೆಲದ ಹತ್ತಿರದವರೆಗೆ ತೂಗುತ್ತದೆ. ಬೆನ್ನಿಗೆ ಹಕ್ಕಿ, ಕಾಲ ಬಳಿ ಹೂವು. ಕೂರುವ ಜಾಗ ಮಾತ್ರ ಬೋಳು; ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಂಡು ಮಾಡಿದ ಕಸೂತಿಯ ಮೇಲೆ ಯಾವ ನೆಂಟ ಬಂದು ಕುಂಡೆ ಊರಬೇಕು?

ಅಂಗಡಿಯಲ್ಲಿ ಇಂಥ ಎರಡು ದೊಡ್ಡ ಕಟ್ಟುಗಳಿದ್ದವು. ಒಂದು ಮದುವೆಯ ಕೆಂಪು. ಇನ್ನೊಂದು ಸಾವಿನ ಮನೆಯ ನೀಲಿ, ಬಿಳಿ ಕೊಕ್ಕರೆಗಳದ್ದು. ಕೆಂಪು ಕಟ್ಟಿಗೆ ಎಳೆದರೆ ಬಿಚ್ಚಿಕೊಳ್ಳುವ ಜಾರುಗಂಟು ಹಾಕುತ್ತಿದ್ದೆವು. ನಮ್ಮ ಮಾತಿನಲ್ಲಿ ಅದು ಜೀವದ ಗಂಟು. ನೀಲಿಗೆ ಕಗ್ಗಂಟು, ಅದು ಸತ್ತ ಗಂಟು. ಕಣ್ಣು ಮುಚ್ಚಿ ಕೈಹಾಕಿದರೂ ಯಾವುದು ಯಾವುದೆಂದು ಬೆರಳಿಗೇ ತಿಳಿಯಲಿ ಎಂದು ಹಿರಿಯರು ಮಾಡಿಟ್ಟ ಏರ್ಪಾಡು.

ಯಿನ್‌ದಿಯ ಹೆಸರಿನಲ್ಲಿ 'ದಿ' ಎಂದರೆ ತಮ್ಮ. ಹೆಣ್ಣು ಹುಟ್ಟಿತಲ್ಲ, ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟ ಹೆಸರು. ತಮ್ಮನೂ ಬರಲಿಲ್ಲ, ಹೆಸರೂ ಹೋಗಲಿಲ್ಲ. ಗಂಡ ನಮ್ಮ ಅಂಗಡಿಯ ಪಲ್ಲಕ್ಕಿ ಹೊರುವವನು. ಒಂದು ಬೇಸಿಗೆಯಲ್ಲಿ ವಾಂತಿಭೇದಿ ಬಂದು ಹೋದ. ಮರುವಾರವೇ ಅವಳು ಅಂಗಡಿಗೆ ಬಂದು, "ಗಂಡ ಹೊತ್ತ ಪಲ್ಲಕ್ಕಿ ನನ್ನ ಕೈಲಿ ಆಗಲ್ಲ ಯಜಮಾನ್ರೇ, ಬಟ್ಟೆ ಹೊರ್ತೀನಿ" ಎಂದು ನಿಂತಳಂತೆ. ಅಂದಿನಿಂದ ಮನೆಮನೆಗೆ ಹೋಗಿ ಕುರ್ಚಿ ಹೊದಿಸುವುದು, ಹರಿದದ್ದನ್ನು ಹೊಲಿಯುವುದು, ಇಸ್ತ್ರಿ ಹಾಕುವುದು ಅವಳ ಕೆಲಸವಾಯಿತು. ರೇಷ್ಮೆಯನ್ನು ಅವಳು ಅಂಗೈಯಿಂದ ಎಂದೂ ಸವರುತ್ತಿರಲಿಲ್ಲ. ಅಂಗೈ ಒರಟು, ಎಳೆ ಎದ್ದುಬಿಡುತ್ತದೆ. ಬೆರಳ ಹಿಂಬದಿಯಿಂದ, ಜ್ವರ ಬಂದ ಮಗುವಿನ ಕೆನ್ನೆ ನೋಡುವ ಹಾಗೆ ಸವರುತ್ತಿದ್ದಳು.

ಬಾಯಿ ಮಾತ್ರ ಅಷ್ಟು ನಯವಲ್ಲ. ನಾನು ಹೊಸದಾಗಿ ಸೇರಿದಾಗ ಹೊದಿಕೆ ಜಾರಿ ಜಾರಿ ಬೀಳುತ್ತಿತ್ತು. "ಅಜೆನ್, ಕುರ್ಚಿನೂ ಗಂಡಸಿನ ಹಾಗೇ ಕಣೇ. ಮೇಲಿಂದ ಎಷ್ಟು ಸವರಿದ್ರೂ ಕೇಳಲ್ಲ, ಸೊಂಟದ ಹತ್ರ ಬಿಗೀಬೇಕು" ಎಂದು ನಗಿಸಿದ್ದಳು. ನನಗಿಂತ ಹದಿನೈದು ವರ್ಷ ದೊಡ್ಡವಳು, ಆದರೂ ಅಕ್ಕ ಎಂದೇ ಕರೆಯುತ್ತಿದ್ದೆ.

ಅವಳಿಗಿದ್ದದ್ದು ಒಬ್ಬಳೇ ಮಗಳು, ಮೇಚಿನ್. ಆ ಹುಡುಗಿ ಇನ್ನೂ ಗೊಂಬೆ ಆಡುತ್ತಿದ್ದಾಗಲೇ ಯಿನ್‌ದಿಯ ಭಾವ, ಅಂದರೆ ಸತ್ತ ಗಂಡನ ಅಣ್ಣ ದೆಗುಯಿ, ಅವಳನ್ನು ಸೋಯಾ ರಸದ ಅಂಗಡಿಯ ಫಾನ್ ಮನೆಗೆ ಸೊಸೆಯಾಗಿ ಕೊಡುವುದಾಗಿ ಮಾತು ಕೊಟ್ಟಿದ್ದ. ಫಾನ್ ಮನೆಯಲ್ಲೂ ಒಬ್ಬನೇ ಮಗ, ಬೋಚ್ಯೆನ್. ತಂದೆ ಇಲ್ಲ, ವ್ಯಾಪಾರ ತಾಯಿಯದು. ಬಡವರ ಮನೆ ಹುಡುಗಿ ಅಂಥ ಮನೆಗೆ ಸೇರುವುದೆಂದರೆ ಅದೃಷ್ಟ ಎಂದು ಬೀದಿಯೆಲ್ಲ ಅಂದುಕೊಂಡಿತು. ಯಿನ್‌ದಿಯೂ ಅಂದುಕೊಂಡಳು. ತಾನು ಜೀವಮಾನವಿಡೀ ಬೇರೆಯವರ ಹೆಣ್ಣುಮಕ್ಕಳಿಗೆ ಕೆಂಪು ಹಾಸಿದವಳು, ತನ್ನ ಮಗಳೂ ಒಂದು ದಿನ ಅದರ ಮೇಲೆ ಕೂರುತ್ತಾಳೆ ಎಂಬುದೊಂದೇ ಅವಳ ಹೊಟ್ಟೆಗೆ ತಂಪು.

ಮೇಚಿನ್‌ಗೆ ಹದಿನೇಳಾದ ವರ್ಷ ಮದುವೆ ಶರತ್ಕಾಲಕ್ಕೆಂದು ನಿಶ್ಚಯವಾಗಿತ್ತು. ಹೊಸ ವರ್ಷದ ದೀಪಗಳನ್ನು ಇಳಿಸುವಷ್ಟರಲ್ಲೇ ಸಂಬಂಧ ಕುದುರಿಸಿದ ವು ಅಜ್ಜಿ ಏದುಸಿರು ಬಿಡುತ್ತ ಬಂದಳು. ಮದುವೆಯನ್ನು ಈ ತಿಂಗಳಲ್ಲೇ ಮುಗಿಸಬೇಕಂತೆ.

"ಯಾಕಜ್ಜಿ ಇಷ್ಟು ಅವಸರ?" ಎಂದು ಯಿನ್‌ದಿ ಕೇಳಿದಳು.

"ಒಳ್ಳೆ ದಿನ ಸಿಕ್ಕಿದೆ ಕಣೇ. ಹುಡುಗನಿಗೆ ಸ್ವಲ್ಪ ಕೆಮ್ಮು, ಕಲ್ಲುಸಕ್ಕರೆ ಹಾಕಿ ಮರಸೇಬು ಬೇಯಿಸಿ ಕೊಡ್ತಿದಾರೆ. ಹೆಂಡ್ತಿ ಬಂದು ಕೊಟ್ರೆ ಬೇಗ ವಾಸಿಯಾಗುತ್ತೆ" ಎಂದು ಅಜ್ಜಿ ನಕ್ಕಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ವು ಅಜ್ಜಿ ಎಂದೂ ಲೆಕ್ಕದಲ್ಲಿ ಕಡಿಮೆ ಮಾಡಿದವಳಲ್ಲ.

ನಿಜ ತಿಳಿದದ್ದು ಅಂಗಡಿಯಲ್ಲಿ. ಒಂದು ಬೆಳಗ್ಗೆ ಫಾನ್ ಮನೆಯ ಕಾರಭಾರಿ ಬಂದ. ಹಲಗೆಯ ಅಡ್ಡಗೋಡೆಯ ಈಚೆ ಯಿನ್‌ದಿ ಕೆಂಪು ಹೊದಿಕೆಗೆ ಇದ್ದಿಲ ಇಸ್ತ್ರಿ ಹಾಕುತ್ತಿದ್ದಳು. ನಾನು ಅಂಚಿನ ಗೊಂಡೆ ಬಾಚುತ್ತಿದ್ದೆ. ಒಳಗೆ ದುಡಿಯುವ ಹೆಂಗಸು ಹುಡುಗಿಯ ತಾಯಿ ಎಂದು ಆ ಕಾರಭಾರಿಗೆ ಗೊತ್ತಿರಲಿಲ್ಲ. ದೊಡ್ಡ ಮನೆಯವರು ಬೀಗರನ್ನು ಮದುವೆಗೆ ಮೊದಲು ಯಾಕೆ ನೋಡಿರುತ್ತಾರೆ?

"ಕೆಂಪು ಕಟ್ಟು ಮದುವೆ ಹಿಂದಿನ ದಿನಕ್ಕೇ ಬೇಕು" ಅಂದ. ಆಮೇಲೆ ದನಿ ತಗ್ಗಿಸಿ, "ನೀಲಿನೂ ಜೊತೇಲೇ ಕಳಿಸ್ಬಿಡಿ. ಹಿಂದಿನ ಕೋಣೇಲಿ ಇಟ್ಕೊಂಡಿರ್ತೀವಿ" ಅಂದ.

"ನೀಲಿ ಯಾಕೆ?" ಎಂದರು ತಾಂಗ್ ಯಜಮಾನರು.

"ಎರಡೆರಡು ಸಲ ಹೊತ್ಕೊಂಡು ಓಡಾಡೋದು ಯಾಕೆ ಅಂತ. ಅಮ್ಮಾವ್ರಿಗೆ ಗೊತ್ತಾಗೋದು ಬೇಡ. ವೈದ್ಯರು ಕೈ ಬಿಟ್ಟಾಗಿದೆ."

ಯಿನ್‌ದಿ ಇಸ್ತ್ರಿಯನ್ನು ಎತ್ತಿ ಅದರ ಕಾಲುಮಣೆಯ ಮೇಲೆ ಸರಿಯಾಗಿ ಇಟ್ಟಳು. ಬಟ್ಟೆ ಸುಡಲಿಲ್ಲ. ಆಮೇಲೆ ನೆಲದಲ್ಲೇ ಕೂತಳು.

ಅವಳಿಗೆ ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ. ಮಗ ಸಾಯುತ್ತಿದ್ದರೆ ಅವಸರವಾಗಿ ಮದುವೆ ಮಾಡಿಸಿ, ಆ ಮಂಗಳದಿಂದ ಕಾಯಿಲೆಯನ್ನು ಓಡಿಸುವುದು ನಮ್ಮಲ್ಲಿ ಉಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕಾಯಿಲೆ ಓಡಿದರೆ ಸರಿ. ಓಡದಿದ್ದರೆ ಹೊಸಿಲು ದಾಟಿ ಬಂದ ಹುಡುಗಿ ಆ ಮನೆಯ ವಿಧವೆ. ಗಂಡಸರ ತಲೆಯಿಂದ ಚಕ್ರವರ್ತಿಯ ಕಟ್ಟಳೆಯ ಜಡೆ ಹೋಗಿ, ಸಿಂಹಾಸನದಿಂದ ಅವನೇ ಇಳಿದು ಎಷ್ಟೋ ಕಾಲವಾಗಿತ್ತು. ಆದರೆ ಫಾನ್ ಮನೆಯಂಥ ಮನೆಗಳಲ್ಲಿ ವಿಧವೆ ಸೊಸೆ ಹಿತ್ತಿಲ ಬಾಗಿಲಿನಿಂದಲೂ ಹೊರಗೆ ಬರುತ್ತಿರಲಿಲ್ಲ.

ಅವಳು ಮೊದಲು ಹೋದದ್ದು ಭಾವನ ಹತ್ತಿರ. ನಾನೂ ಜೊತೆಗಿದ್ದೆ. ದೆಗುಯಿ ಕಲ್ಲಂಗಡಿ ಬೀಜ ಸುಲಿಯುತ್ತ ಕೂತಿದ್ದ. ಅವಳು ಅವನ ಕಾಲ ಬಳಿ ಮಂಡಿಯೂರಿದಳು.

"ಭಾವ, ಹುಡುಗ ಉಳಿಯಲ್ಲ. ನಿಮ್ಮ ತಮ್ಮನ ಮಗಳು ಅವಳು. ಈ ಸಂಬಂಧ ಬೇಡ ಅಂತ ಹೇಳಿಕಳ್ಸಿ."

"ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಹುಟ್ಟಿದಾಗಲೇ ಹಣೇಲಿ ಬರೆದಿರುತ್ತೆ, ನಾನೇನು ಅಳಿಸೋಕಾಗುತ್ತಾ?"

"ನಿಮ್ಮ ಮಗಳಾಗಿದ್ರೆ?"

ಅವನು ಬೀಜದ ಸಿಪ್ಪೆಯನ್ನು ಅವಳ ಪಕ್ಕದಲ್ಲೇ ಉಗಿದ. "ನನ್ನ ಮಗಳ ಹೆಸರು ಇಲ್ಯಾಕೆ ತರ್ತೀಯ? ಫಾನ್ ಮನೇಲಿ ಮೂರು ಹೊತ್ತು ಬಿಳಿ ಅನ್ನ. ಗಂಡ ಇರ್ಲಿ ಬಿಡ್ಲಿ, ಹೊಟ್ಟೆ ತುಂಬುತ್ತೆ. ನೀನು ನೋಡು, ಗಂಡ ಹೋದ ಅಂತ ಸತ್ತೋದ್ಯಾ?"

ಆ ಮನುಷ್ಯನ ಮುಖಕ್ಕೆ ಬಿಸಿ ಚಹಾ ಎರಚಬೇಕೆಂದು ನನಗಾಗ ಅನಿಸಿತ್ತು. ಈಗಲೂ ನೆನೆದಾಗ ಅನಿಸುತ್ತದೆ. ವು ಅಜ್ಜಿಯ ಹತ್ತಿರ ಹೋದರೆ ಅವಳು ಕಿವಿಯೇ ಕೇಳಿಸುವುದಿಲ್ಲವೆಂದು ಕೈಯಾಡಿಸಿದಳು. ಹಿಂದಿನ ದಿನ ಬೀದಿಯ ಆ ತುದಿಯ ಪಿಸುಮಾತು ಕೇಳಿಸಿಕೊಂಡಿದ್ದ ಕಿವಿ ಅದು.

ಕೊನೆಗೆ ಮಗಳಿಗೆ ಹೇಳಲೇಬೇಕಾಯಿತು. ಮೇಚಿನ್ ಕಿಟಕಿಯ ಬಳಿ ತನ್ನ ಮದುವೆಯ ಕೆಂಪು ಪಾದರಕ್ಷೆಗೆ ಅಟ್ಟೆ ಹೊಲಿಯುತ್ತಿದ್ದಳು. ತಾಯಿ ಹೇಳಿದ್ದನ್ನೆಲ್ಲ ಕೇಳಿ, ಸೂಜಿಯನ್ನು ಅಟ್ಟೆಗೇ ಚುಚ್ಚಿಟ್ಟಳು.

"ಅವ್ರು ಹೋಗ್ಬಿಟ್ರೆ ನಾನು ಅಲ್ಲೇ ಇರ್ಬೇಕಾ?"

"ಹೂಂ."

"ಎಷ್ಟು ವರ್ಷ?"

ಹುಡುಗಿ ತಾಯಿಯ ಮುಖವನ್ನೇ ನೋಡುತ್ತಿದ್ದು, ಆಮೇಲೆ ಚಿಕ್ಕ ಮಗುವಿನ ಹಾಗೆ ಅವಳ ತೋಳು ಹಿಡಿದುಕೊಂಡು, "ಅಮ್ಮ, ಏನಾದ್ರೂ ಮಾಡಮ್ಮ" ಅಂದಳು. ಓಡಿಹೋಗೋಣವೆಂದರೆ ಎಲ್ಲಿಗೆ? ಕಾಲುವೆಯ ಪ್ರತಿ ದೋಣಿಯವನೂ ಅವರ ಗುರುತಿನವನೇ. ಆಮೇಲಿನ ದಿನಗಳಲ್ಲಿ ಯಿನ್‌ದಿ ಒಂದು ತುತ್ತನ್ನೂ ಸರಿಯಾಗಿ ನುಂಗಿದ್ದನ್ನು ನಾನು ಕಾಣಲಿಲ್ಲ. ಕೈಗಳು ಮಾತ್ರ ಕೆಲಸ ಮಾಡುತ್ತಿದ್ದವು.

ಮದುವೆಯ ಹಿಂದಿನ ದಿನ ಬಂತು. ಆ ದಿನ ಮಧ್ಯಾಹ್ನ ಹೆಣ್ಣಿನ ಮನೆಯ ಸಾಮಾನು ಗಂಡಿನ ಮನೆಗೆ ಮೆರವಣಿಗೆಯಲ್ಲಿ ಹೋಗುತ್ತದೆ. ಅಷ್ಟರಲ್ಲಿ ನಡುಮನೆಯ ಕುರ್ಚಿ ಮೇಜುಗಳಿಗೆ ಕೆಂಪು ಹೊದಿಸಿರಬೇಕು. ಮೆರವಣಿಗೆ ಬಂದಾಗ ಪಟಾಕಿ ಹಚ್ಚಿ, ಎಲ್ಲ ಬಾಗಿಲು ಒಟ್ಟಿಗೆ ತೆರೆದು, ಊರಿಗೆಲ್ಲ ಕಾಣುವಂತೆ ಸಾಮಾನು ಒಳಗೆ ತೆಗೆದುಕೊಳ್ಳುತ್ತಾರೆ. ಸಾಮಾನು ಹೊಸಿಲು ದಾಟಿತೆಂದರೆ ಹುಡುಗಿ ದಾಟಿದ ಹಾಗೆಯೇ. ಆ ಮೇಲೆ ಯಾವ ದೇವರೂ ಹಿಂದಕ್ಕೆ ತರಲಾರ.

ಹೊದಿಸಲು ನಾನೊಬ್ಬಳೇ ಹೋಗುತ್ತೇನೆಂದೆ. ಮಗಳ ಮದುವೆಯ ಹಿಂದಿನ ದಿನ ತಾಯಿ ಮನೆಯಲ್ಲಿರಬೇಕಲ್ಲವೇ? ಯಿನ್‌ದಿ ಕೇಳಲಿಲ್ಲ. "ಆ ಮನೆ ಒಂದ್ಸಲ ನೋಡ್ಬೇಕು" ಎಂದಳು. ಅದರಾಚೆಗೆ ಅವಳ ತಲೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಬಹುಶಃ ಅವಳಿಗೂ ಗೊತ್ತಿರಲಿಲ್ಲ.

ಫಾನ್ ಮನೆಯ ನಡುಮನೆಗೆ ಕಪ್ಪು ಮರದ ಬಾಗಿಲುಗಳು. ಎರಡು ಸಾಲಿನಲ್ಲಿ ಎತ್ತರದ ಬೆನ್ನಿನ ಕುರ್ಚಿಗಳು, ನಡುವೆ ಪೂರ್ವಿಕರ ಮೇಜು. ಎಡಗಡೆಯ ಕೋಣೆಯಲ್ಲಿ ಪರದೆಯ ಹಿಂದೆ ಯಾರೋ ಉಸಿರಾಡುವುದು ಕೇಳಿಸುತ್ತಿತ್ತು. ಹರಿದ ತಿದಿ ಊದಿದ ಹಾಗಿತ್ತು ಆ ಉಸಿರು. ನಾವು ಕೆಂಪು ಕಟ್ಟನ್ನು ಬಿಚ್ಚಿ ಮೊದಲ ಕುರ್ಚಿಗೆ ಹಾಸುವಾಗ ಮನೆಯೊಡತಿ ಬಂದಳು. ಸಣ್ಣ ಮೈ, ಕೂದಲು ನುಣ್ಣಗೆ ಬಾಚಿತ್ತು, ಕಣ್ಣು ಮಾತ್ರ ನಿದ್ದೆಯಿಲ್ಲದೆ ಕೆಂಪಾಗಿದ್ದವು. ಬಂದವಳೇ ಹೊದಿಕೆಯ ಹಕ್ಕಿಯನ್ನು ಮುಟ್ಟಿದಳು.

"ಇದನ್ನ ಬಾಗಿಲಿಗೆ ಎದುರಾಗಿ ಹಾಕಮ್ಮ. ಪರದೆ ಸರಿಸಿದ್ರೆ ನನ್ನ ಮಗನಿಗೆ ಕಾಣ್ಬೇಕು. ಕೆಂಪು ನೋಡ್ತಿದ್ರೆ ರಕ್ತ ಏರುತ್ತಂತೆ."

"ಹಾಕ್ತೀನಿ ಅಮ್ಮಾವ್ರೇ" ಎಂದಳು ಯಿನ್‌ದಿ. ಬಿಗಿಯುತ್ತಿದ್ದ ಕೈ ನಿಲ್ಲಿಸದೆ ಕೇಳಿದಳು: "ತುಂಬ ಕಷ್ಟವಾ ಅವ್ರಿಗೆ?"

"ನಾಳೆ ಸೊಸೆ ಕಾಲಿಟ್ರೆ ಇಳಿಯುತ್ತೆ. ನಮ್ಮ ಸೋದರತ್ತೆ ಮಗನಿಗೆ ಹಾಗೇ ಇಳೀತು." ಮುಳುಗುವವರಿಗೆ ಹುಲ್ಲುಕಡ್ಡಿಯೇ ದೋಣಿ. ಆ ತಾಯಿ ನಿಜಕ್ಕೂ ನಂಬಿದ್ದಳು, ಅದು ಅವಳ ಮುಖದಲ್ಲೇ ಇತ್ತು.

"ಹುಡುಗಿಗೆ ಗೊತ್ತಾ?"

"ಗೊತ್ತಾದ್ರೆ ಯಾರು ಬರ್ತಾರಮ್ಮ?" ಆಕೆ ಬೇರೆ ಕಡೆ ತಿರುಗಿದಳು. "ಚೆನ್ನಾಗಿ ನೋಡ್ಕೋತೀನಿ, ಅನ್ಯಾಯ ಮಾಡಲ್ಲ. ನನ್ನ ಕೋಣೇಲೇ ಮಲಗಿಸ್ಕೋತೀನಿ. ಹಾಗೊಂದ್ವೇಳೆ ಇವನು ನನ್ನ ಬಿಟ್ಟು ಹೋದ್ರೂ ನನಗೆ ಅವಳಾದ್ರೂ ಇರ್ತಾಳೆ. ನಾನು ಸಾಯೋವರೆಗೂ ಅವಳನ್ನ ಎಲ್ಲೂ ಬಿಡಲ್ಲ."

ಪ್ರೀತಿಯಿಂದಲೇ ಹೇಳಿದ ಮಾತು ಅದು. ಅದಕ್ಕಿಂತ ಕೆಟ್ಟ ಮಾತನ್ನು ಯಿನ್‌ದಿ ಕೇಳಿರಲಾರಳು. ಒಡತಿ ಮಗನ ಕೋಣೆಗೆ ಹೋದ ಮೇಲೆ ಅವಳು ನನ್ನ ಕಡೆ ನೋಡಿ, "ಅಜೆನ್, ಅಡುಗೆಮನೆಗೆ ಹೋಗಿ ಒಂದು ಹೂಜಿ ಬಿಸಿನೀರು ತಾ. ಬಟ್ಟೆ ಸುಕ್ಕು ಬಿದ್ದಿದೆ, ಹಬೆ ಹಿಡೀಬೇಕು" ಎಂದಳು. ನನಗೆ ಸುಕ್ಕೇನೂ ಕಂಡಿರಲಿಲ್ಲ. ಆದರೂ ಹೋದೆ.

ಅಡುಗೆಮನೆಯಲ್ಲಿ ನಾಳೆಯ ಊಟಕ್ಕೆ ಬಾತುಕೋಳಿ ಸುಲಿಯುವ ಗದ್ದಲ. ನೀರು ಕಾಯಲು ಹೊತ್ತು ಹಿಡಿಯಿತು. ಹೂಜಿ ಹಿಡಿದು ಹಿಂತಿರುಗಿದಾಗ ನಡುಮನೆ ನೀಲಿಯಾಗಿತ್ತು. ಎರಡೂ ಸಾಲಿನ ಕುರ್ಚಿಗಳ ಮೇಲೆ ಬಿಳಿ ಕೊಕ್ಕರೆಗಳು. ಕಾರಭಾರಿ ಗುಟ್ಟಾಗಿ ತರಿಸಿ ಹಿಂದಿನ ಕೋಣೆಯಲ್ಲಿ ಇರಿಸಿದ್ದ ಕಟ್ಟನ್ನು ತಂದು ಬಿಚ್ಚಿಬಿಟ್ಟಿದ್ದಳು. ಕೆಂಪು ಹೊದಿಕೆ ಮಡಿಚಿ ಮೂಲೆಯಲ್ಲಿತ್ತು. ಅವಳು ಪೂರ್ವಿಕರ ಮೇಜಿನ ಮುಂದೆ ನೀಲಿ ತೆರೆಯ ಕೊನೆಯ ದಾರ ಕಟ್ಟುತ್ತಿದ್ದಳು.

"ಅಕ್ಕ, ಏನ್ ಮಾಡಿದ್ಯೇ ಇದು?"

"ಕಣ್ಣು ಕಾಣಲ್ವಾ?" ಎಂದಳು. "ಇಂಥ ಮನೆಯೊಳಗೆ ಯಾವ ಕೂಲಿಯವನೂ ಮದುವೆ ಸಾಮಾನು ತರಲ್ಲ. ಮದುವೆ ಒಂದು ದಿನ ಮುಂದೆ ಹೋದ್ರೆ ಸಾಕು ಕಣೇ. ಒಂದೇ ದಿನ."

ನಾನು ಏನಾದರೂ ಹೇಳುವ ಮೊದಲೇ ಬೀದಿಯಲ್ಲಿ ಓಲಗ ಕೇಳಿಸಿತು, ಪಟಾಕಿ ಸಿಡಿಯಿತು. ಹೊರಗಿದ್ದ ಆಳುಗಳು ವಾಡಿಕೆಯಂತೆ ಎಲ್ಲ ಬಾಗಿಲುಗಳನ್ನು ಒಟ್ಟಿಗೆ ನೂಕಿ ತೆರೆದರು.

ಬೀದಿಯ ತುಂಬ ಜನ. ಮುಂದಿದ್ದ ಕೂಲಿಯವನ ಕೋಲಿನಲ್ಲಿ ಮೇಚಿನ್‌ಳ ಕೆಂಪು ಹಾಸಿಗೆಗಳು ತೂಗುತ್ತಿದ್ದವು. ಅವನು ಹೊಸಿಲ ಮೇಲೆ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡ. ಓಲಗದವರು ಒಬ್ಬರಾದ ಮೇಲೊಬ್ಬರು ನಿಲ್ಲಿಸಿದರು. ಯಾರೋ ಮುದುಕಿ, "ಹೋಗ್ಬಿಟ್ನಾ ಪಾಪ" ಎಂದಳು. ಮುಂದಿದ್ದವನು ಹಿಂದೆ ಸರಿದ, ಹಿಂದಿನವರೂ ಸರಿದರು.

ಆ ಗದ್ದಲಕ್ಕೆ ಒಡತಿ ಪರದೆ ಸರಿಸಿಕೊಂಡು ಹೊರಗೆ ಬಂದಳು. ಸರಿಸಿದ ಪರದೆ ಹಾಗೆಯೇ ಉಳಿಯಿತು. ಮಂಚದ ಮೇಲೆ ದಿಂಬುಗಳಿಗೆ ಒರಗಿಸಿ ಕೂರಿಸಿದ್ದ ಹುಡುಗ ಕಂಡ. ಕೆಂಪು ಕಾಣಲೆಂದೇ ಅವನ ಮುಖವನ್ನು ನಡುಮನೆಯ ಕಡೆಗೆ ತಿರುಗಿಸಿದ್ದರು. ಅವನು ನೀಲಿ ಕುರ್ಚಿಗಳನ್ನು ಒಂದೊಂದಾಗಿ ನೋಡಿದ. ಹೆದರಿದವನ ಹಾಗೆ ಇರಲಿಲ್ಲ. ಗೊತ್ತಾಗದ್ದನ್ನು ಕೇಳಿ ತಿಳಿದುಕೊಳ್ಳುವ ಹಾಗೆ ಕೇಳಿದ:

"ಅಮ್ಮ, ನಾನು ಹೋಗಿ ಎಷ್ಟು ದಿನ ಆಯ್ತು?"

ಒಡತಿ ಅಲ್ಲೇ ಕುಸಿದಳು. ಯಿನ್‌ದಿ ಆ ಹುಡುಗನನ್ನು ಅದೇ ಮೊದಲ ಸಲ ನೋಡಿದ್ದು. ಅವನು ಅವಳ ಲೆಕ್ಕದಲ್ಲಿ ಒಂದು ಕಾಯಿಲೆಯಾಗಿದ್ದ, ಒಂದು ಮನೆಯ ಹೆಸರಾಗಿದ್ದ. ಅವನಿಗೂ ಮೀಸೆ ಸರಿಯಾಗಿ ಮೂಡಿರಲಿಲ್ಲ.

ಕಾರಭಾರಿ ಓಡಿಬಂದು ಯಿನ್‌ದಿಯ ತೋಳು ಹಿಡಿದ. "ಕಟ್ಟು ಅದಲುಬದಲಾಯ್ತು" ಎಂದಳು. ಅವನು ಬಿದ್ದಿದ್ದ ಹಗ್ಗವನ್ನು ಎತ್ತಿ ಅವಳ ಮೂಗಿನ ಮುಂದೆ ಹಿಡಿದ. ಸತ್ತ ಗಂಟಿನ ಹಗ್ಗ, ಹಲ್ಲಿನಿಂದ ಕಚ್ಚಿ ಬಿಚ್ಚಿದ ಗುರುತು ಇನ್ನೂ ಒದ್ದೆಯಾಗಿತ್ತು. "ಇಷ್ಟು ಹೊತ್ತು ಕಚ್ಚಿ ಬಿಚ್ಚೋವಾಗ ಗೊತ್ತಾಗ್ಲಿಲ್ವಾ?" ಎಂದ. ಆಗ ಅವಳು, ಇನ್ನು ಮುಚ್ಚಿಟ್ಟು ಏನಾಗಬೇಕೆಂಬಂತೆ, "ನಾನು ಹುಡುಗಿ ತಾಯಿ" ಎಂದಳು.

ಒಡತಿ ನೆಲದಲ್ಲಿ ಕೂತೇ ತಲೆಯೆತ್ತಿದಳು. ಬೈಯಲಿಲ್ಲ, ಹೊಡೆಯಲು ಬರಲಿಲ್ಲ. "ನನ್ನ ಮಗ ನಿನಗೇನು ಮಾಡಿದ್ದ?" ಎಂದಷ್ಟೇ ಕೇಳಿದಳು.

"ಏನೂ ಮಾಡಿಲ್ಲ ಅಮ್ಮಾವ್ರೇ."

"ನಿನ್ನ ಮಗಳ ನೆರಳೂ ನನ್ನ ಮನೆಗೆ ಬೇಡ. ಹೋಗು."

ಹುಡುಗ ದೀಪ ಹಚ್ಚುವ ಹೊತ್ತಿಗೆ ತೀರಿಕೊಂಡ. ಹೊದಿಕೆ ಬದಲಾಯಿಸಲು ಅಂಗಡಿಯಿಂದ ಯಾರೂ ಹೋಗಬೇಕಾಗಲಿಲ್ಲ. ಆ ನೀಲಿ ಹಾಗೆಯೇ ಅಲ್ಲಿತ್ತು.

ಊರ ಬಾಯಿಗೆ ಅಷ್ಟು ಸಾಕಾಯಿತು. ಬದುಕಿದ್ದ ಹುಡುಗನಿಗೆ ಸಾವಿನ ಹೊದಿಕೆ ತೋರಿಸಿ ಕೊಂದಳು ಎಂದರು. ವೈದ್ಯರು ಕೈಬಿಟ್ಟಿದ್ದನ್ನು ಅದೇ ಬಾಯಿಗಳು ಹಿಂದಿನ ದಿನ ಆಡಿಕೊಂಡಿದ್ದವು. ಆದರೆ ಕಾಯಿಲೆಗೆ ಬೈದರೆ ಏನು ರುಚಿ? ಬೈಯಲು ಒಂದು ಮುಖ ಬೇಕು. ದೆಗುಯಿ ಬಂದು ಬೀದಿಯ ನಡುವೆ ಅವಳ ಕೆನ್ನೆಗೆ ಹೊಡೆದು, ನಮ್ಮ ಮನೆಯವಳಲ್ಲ ಎಂದು ಕೈತೊಳೆದುಕೊಂಡ. ಅದೊಂದೇ ಅವನು ಅವಳಿಗೆ ಮಾಡಿದ ಉಪಕಾರ.

ತಾಂಗ್ ಯಜಮಾನರು ಕೆಟ್ಟವರಲ್ಲ. ಕೆಲಸದಿಂದ ತೆಗೆಯಲಿಲ್ಲ. "ಇನ್ಮೇಲೆ ಕೆಂಪು ಮುಟ್ಬೇಡ ಯಿನ್‌ದಿ. ನೀಲಿ ಮಾತ್ರ" ಎಂದರು. ಅವಳು ತಲೆಯಾಡಿಸಿದಳು. ಅಲ್ಲಿಂದಾಚೆಗೆ ಸಾವಿನ ಮನೆಗಳಿಗೆ ಮಾತ್ರ ಹೋದಳು. ಹೆಸರಿನ ಮುಂದೆ ನೀಲಿ ಸೇರಿಕೊಂಡಿತು. ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಅವಳನ್ನು ಕಂಡರೆ ಸೇತುವೆಯ ಆಚೆ ಬದಿಗೆ ಸರಿಯುತ್ತಿದ್ದರು. ತಮಾಷೆಯ ಮಾತು ಅವಳ ಬಾಯಿಂದ ಹೋಯಿತು. ನಾನೇ ಏನಾದರೂ ನಗೆಮಾತು ಹೇಳಿದರೆ, ಕೇಳಿಸದವಳಂತೆ ಬಟ್ಟೆ ಮಡಿಚುತ್ತಿದ್ದಳು.

ಒಂದು ಸಲ, ಇಬ್ಬರೇ ಇದ್ದಾಗ, ಅವಳಾಗಿಯೇ ಕೇಳಿದಳು. "ಅಜೆನ್, ಅವನು ಅದನ್ನ ನೋಡದೇ ಇದ್ದಿದ್ರೆ ಇನ್ನೊಂದಷ್ಟು ದಿನ ಇರ್ತಿದ್ನಾ?"

"ಇರ್ತಿರ್ಲಿಲ್ಲ ಅಕ್ಕ. ಎಲ್ರಿಗೂ ಗೊತ್ತಿತ್ತು."

"ನಿನಗೆ ಹೇಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ. ಯಾರಿಗೆ ತಾನೇ ಗೊತ್ತು? "ಒಂದೇ ದಿನ ಸಾಕು ಅಂದಿದ್ದೆ ನಾನು" ಎಂದಳು. "ಆ ಒಂದು ದಿನ ಅವನದ್ದಾಗಿತ್ತೇನೋ." ಆಮೇಲೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಆದರೆ ಅವಳು ಅದರ ಜೊತೆಯಲ್ಲೇ ಉಂಡಳು, ಅದರ ಜೊತೆಯಲ್ಲೇ ಮಲಗಿದಳು.

ಮೇಚಿನ್‌ಗೆ ವರ್ಷಗಟ್ಟಲೆ ಯಾವ ಸಂಬಂಧವೂ ಬರಲಿಲ್ಲ. ಗಂಡನನ್ನು ಕಾಣುವ ಮೊದಲೇ ನುಂಗಿದವಳೆಂದು ಅವಳಿಗೂ ಒಂದು ಹೆಸರು. ಕೊನೆಗೆ ಊರ ಬಾಗಿಲಾಚೆಯ ತೋಫು ಮಾಡುವವನೊಬ್ಬ ಒಪ್ಪಿದ. ಒಳ್ಳೆಯವನು, ಬೆಳಗಿನ ಜಾವ ಎದ್ದು ಸೋಯಾ ಬೀಸುವವನು, ಗಟ್ಟಿಮುಟ್ಟಾದ ಮೈ. ಅವನ ತಾಯಿಯದು ಒಂದೇ ಷರತ್ತು: ಹುಡುಗಿಯ ತಾಯಿ ಮದುವೆಗೆ ಬರಬಾರದು. ಯಿನ್‌ದಿ ಕ್ಷಣವೂ ಯೋಚಿಸದೆ ಒಪ್ಪಿದಳು. ಮಗಳು ಪಲ್ಲಕ್ಕಿ ಹತ್ತುವಾಗ ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಳು. ಆ ಮನೆಗೆ ಕೆಂಪು ಹೊದಿಸಲು ಹೋದವಳು ನಾನು. ಬಂದ ಮೇಲೆ ಎಷ್ಟು ಕೇಳಿದಳು: ಬಿಗಿಯಾಗಿ ಕಟ್ಟಿದ್ಯಾ, ಹಕ್ಕಿ ನೆಟ್ಟಗಿತ್ತಾ, ಕೂತಾಗ ಅವಳ ಮುಖ ಹೇಗಿತ್ತು. ನಾನು ಹೇಳಿದೆ, ಅವಳು ಅತ್ತಳು, ಆಮೇಲೆ ಅಕ್ಕಿ ತೊಳೆಯಲು ಎದ್ದಳು.

ಮರುವರ್ಷ ಮೇಚಿನ್‌ಗೆ ಗಂಡುಮಗು. ತಿಂಗಳು ತುಂಬಿದ ದಿನ ತಾಯಿಯನ್ನು ಕರೆಯಲು ಅವಳೇ ಹೇಳಿಕಳಿಸಿದಳು. ಅತ್ತೆ ಏನಂದಳೋ, ಹೇಗೆ ಒಪ್ಪಿಸಿದಳೋ. ಯಿನ್‌ದಿ ಬೂದಿ ಹಾಕಿ ಕೈ ತಿಕ್ಕಿ ತಿಕ್ಕಿ ತೊಳೆದಳು. ಉದ್ದನೆಯ ಶಾವಿಗೆ, ಕೆಂಪು ಸಕ್ಕರೆ ಕಟ್ಟಿಕೊಂಡೆವು. ಬುಟ್ಟಿಯನ್ನು ನಾನು ಹಿಡಿದೆ. ದಾರಿಯುದ್ದಕ್ಕೂ ಅವಳು ನನಗಿಂತ ಮುಂದೆ ಮುಂದೆ ನಡೆದಳು. ಎಷ್ಟೋ ವರ್ಷದ ಮೇಲೆ ಅವಳ ಬೆನ್ನು ನೆಟ್ಟಗಾದದ್ದನ್ನು ಕಂಡೆ.

ಮೇಚಿನ್ ಬಾಗಿಲಲ್ಲೇ ನಿಂತಿದ್ದಳು, ಮಗುವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಕೊಂಡು. ಕೆನ್ನೆ ತುಂಬಿತ್ತು, ಗೃಹಿಣಿಯ ಕಳೆ ಬಂದಿತ್ತು. ತಾಯಿಯನ್ನು ಕಂಡು ಅವಳ ಕಣ್ಣು ತುಂಬಿಕೊಂಡವು. ಯಿನ್‌ದಿ ಬೆರಳ ಹಿಂಬದಿಯನ್ನು ಮುಂದೆ ಚಾಚಿ ಹತ್ತಿರ ಹೋದಳು.

"ಅಮ್ಮ" ಎಂದಳು ಮೇಚಿನ್. "ನೀನು ಆವತ್ತು ಮಾಡಿದ್ದು ನನಗೋಸ್ಕರ. ಅದು ನನಗೆ ಗೊತ್ತಿಲ್ಲ ಅಂದ್ಕೋಬೇಡ. ನೀನಿಲ್ದಿದ್ರೆ ನಾನು ಇಷ್ಟೊತ್ತಿಗೆ ಆ ಕೋಣೇಲಿ ಕೊಳೀತಿದ್ದೆ. ಎಲ್ಲ ಗೊತ್ತು." ಮಗುವನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. "ಆದ್ರೂ ಮಗುನ ಮುಟ್ಬೇಡಮ್ಮ. ನನಗೆ ಹೆದರಿಕೆ."

ಅಂಗಳದೊಳಗೆ ನೆಂಟರು ಉಣ್ಣುತ್ತಿದ್ದ ಸದ್ದು ಕೇಳುತ್ತಿತ್ತು. ನನಗೆ ಆ ಹುಡುಗಿಯ ಕಪಾಳಕ್ಕೆ ಬಾರಿಸಬೇಕೆನಿಸಿತು, ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಯಿನ್‌ದಿ ಎರಡು ಕೈಗಳನ್ನೂ ಅಂಗಿಯ ತೋಳುಗಳೊಳಗೆ ಸೇರಿಸಿಕೊಂಡಳು.

"ಇಲ್ಲ, ಮುಟ್ಟಲ್ಲ" ಎಂದಳು. "ಸ್ವಲ್ಪ ಈ ಕಡೆ ತಿರುಗಿಸ್ತೀಯಾ? ಮುಖ ನೋಡ್ಕೊಂಡು ಹೋಗ್ತೀನಿ."

ಮೇಚಿನ್ ತಿರುಗಿಸಿದಳು. ತಿರುಗಿಸುವ ಮೊದಲು ಒಂದು ಹೆಜ್ಜೆ ಹಿಂದಕ್ಕೆ ಇಟ್ಟಳು.